ಐಟಿಸ್ ಕಾರ್ಡ್ ಕೊನೆಗೂ ಕೂತಿತು

ವೈದ್ಯಕೀಯ ಪದಗಳನ್ನು ಕೂಡಿಸುವ ಕಾರ್ಡ್ ಆಟವೊಂದನ್ನು ಕನ್ನಡದಲ್ಲಿ ಮಾಡುತ್ತಿದ್ದೇನೆ. ಅದರಲ್ಲಿ ಆರು ವಾರ ತಲೆ ತಿಂದಿದ್ದ ‘ಐಟಿಸ್’ ನಿನ್ನೆ ರಾತ್ರಿ ದಾರಿಗೆ ಬಂತು. ಕಾರ್ಡ್ ಕತ್ತರಿಸುವುದು, ಮೂಲೆ ದುಂಡಗೆ ಮಾಡುವುದು ನಿಮಗೆಲ್ಲ ಗೊತ್ತಿರುವುದೇ, ಬಿಡಿ.

ಆಟ ಇಷ್ಟೇ. ಒಂದು ಕಾರ್ಡಿನಲ್ಲಿ ಅಂಗ, ಇನ್ನೊಂದರಲ್ಲಿ ಬಾಲ, ಅಂದರೆ ಪದದ ಕೊನೆಗೆ ಅಂಟುವ ತುಂಡು. ಗ್ಯಾಸ್ಟ್ರೋ ಅಂದರೆ ಜಠರ, ಆರ್ಥ್ರೋ ಅಂದರೆ ಕೀಲು. ಐಟಿಸ್ ಅಂದರೆ ಉರಿಯೂತ, ಸ್ಕೋಪಿ ಅಂದರೆ ಇಣುಕಿ ನೋಡುವುದು, ಎಕ್ಟಮಿ ಅಂದರೆ ಕೊಯ್ದು ತೆಗೆಯುವುದು. ಪಕ್ಕಪಕ್ಕ ಇಟ್ಟರೆ ಕಾಯಿಲೆಯೋ ಚಿಕಿತ್ಸೆಯೋ ಆಗಬೇಕು. (ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ‘ಗ್ಯಾಸ್ಟ್ರಿಕ್’ ಇದೆ. ಆ ಪದಕ್ಕೆ ‘ಜಠರದ’ ಅಂತ ಮಾತ್ರ ಅರ್ಥ, ಗ್ಯಾಸ್ ಅಲ್ಲ ಅಂದರೆ ಯಾರೂ ನಂಬಲ್ಲ. ಈ ಆಟ ಶುರುವಾಗಿದ್ದೇ ಆ ಸಿಟ್ಟಿಗೆ.)

ತೊಂದರೆ ಬಂದಿದ್ದು ಕಾರ್ಡುಗಳನ್ನು ಜೋಡಿಸುವಾಗ. ಇಂಗ್ಲಿಷ್ ಅಕ್ಷರಗಳಾದರೆ ರೈಲು ಡಬ್ಬಿ ಥರ ಸೇರುತ್ತವೆ. ನಮ್ಮ ‘ಐ’ ಹಾಗಲ್ಲ, ಹಿಂದಿನ ಅಕ್ಷರದ ತಲೆ ಮೇಲೆ ಅರ್ಧ ಹತ್ತಿ, ಇನ್ನರ್ಧವನ್ನು ಒತ್ತಕ್ಷರದ ಪಕ್ಕ ಕೆಳಗೆ ಇಳಿಬಿಡುತ್ತದೆ. ಗ್ಯಾಸ್ಟ್ರೈಟಿಸ್‌ನ ‘ಟ್ರೈ’ ಬರೆದು ನೋಡಿ. ಸ್ವರಚಿಹ್ನೆಯನ್ನು ಪಾರದರ್ಶಕ ಶೀಟಿನಲ್ಲಿ ಪ್ರಿಂಟ್ ಹಾಕಿ ಮೇಲಿಡೋಣ ಅಂತ ಅವೆನ್ಯೂ ರಸ್ತೆಗೆ ಹೋದೆ. ದಪ್ಪದ್ದು ಕೇಳಿದರೆ ಅಂಗಡಿಯವರು ‘ಇದೇ ದಪ್ಪದ್ದು ಸಾರ್’ ಅಂತ ತೆಳ್ಳಗಿನದನ್ನು ಸುತ್ತಿ ಕೊಟ್ಟರು. ಫ್ಯಾನ್ ಹಾಕಿದೆ, ಸ್ವರಗಳೆಲ್ಲ ಸೋಫಾ ಕೆಳಗೆ.

ನಿನ್ನೆ ಮಗಳು ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು: ಮಾತು + ಇಲ್ಲ = ಮಾತಿಲ್ಲ, ಲೋಪಸಂಧಿ. ಕತ್ತರಿ ಕೈಯಿಂದ ಬಿತ್ತು. ಗ್ಯಾಸ್ಟ್ರೋ + ಐಟಿಸ್ = ಗ್ಯಾಸ್ಟ್ರೈಟಿಸ್! ಬಾಲ ಸ್ವರದಿಂದ ಶುರುವಾದರೆ ‘ಓ’ ಬಿದ್ದುಹೋಗುತ್ತದೆ, ವ್ಯಂಜನವಾದರೆ ಉಳಿಯುತ್ತದೆ, ಗ್ಯಾಸ್ಟ್ರೋಸ್ಕೋಪಿ. ಮೆಡಿಕಲ್ ಓದುವವರಿಗೆ ಕಲಿಸುವ ನಿಯಮವೂ ಇದೇ. ಎರಡು ಅಂಗಗಳು ಸೇರಿದಾಗ ಮಾತ್ರ ‘ಓ’ ಹಟ ಹಿಡಿದು ಕೂರುತ್ತದೆ, ಗ್ಯಾಸ್ಟ್ರೋಎಂಟರೈಟಿಸ್ ಇದೆಯಲ್ಲ (ಎಂಟರೋ ಅಂದರೆ ಕರುಳು), ಹಾಗೆ. ಅಂದರೆ ಕಾರ್ಡ್ ಅಂಟಿಸುವ ಗೋಜೇ ಬೇಡ, ನಡುವೆ ಒಂದು ಕೂಡಿಸುವ ಚಿಹ್ನೆಯ ಕಾರ್ಡ್ ಸಾಕು, ಕೂಡಿಸಿ ಹೇಳಿದವರಿಗೆ ಪಾಯಿಂಟ್. ಇದಕ್ಕೆ ಆರು ವಾರ!

ಮುಂದಿನದು ಮಾತ್ರೆ ಡಬ್ಬಿಗೆ ಸ್ಟಿಕ್ಕರ್. ಡಾಕ್ಟರ್ ಚೀಟಿಯ ‘ಬಿ.ಡಿ.’ (BD) ಅಂದರೆ ಲ್ಯಾಟಿನ್ನಿನಲ್ಲಿ ದಿನಕ್ಕೆರಡು ಸಲ, ‘ಎಸ್ಒಎಸ್’ ಅಂದರೆ ಬೇಕಾದರೆ ಮಾತ್ರ. ಅತ್ತೆ ಅದನ್ನು ಅಪಾಯದ ಕರೆ ಅಂದುಕೊಂಡು ನೋವಿನ ಮಾತ್ರೆಯನ್ನು ಮುಟ್ಟಿಯೇ ಇರಲಿಲ್ಲ, ಪಾಪ. ಶೀಟ್ ಹೇಗೂ ಉಳಿದಿದೆ.

ಅದಕ್ಕೂ ಮೊದಲು ಎರಡು ‘ಇಲಿಯಮ್’ ಕಾರ್ಡ್ ಬಾಕಿ. ಇಂಗ್ಲಿಷಿನಲ್ಲಿ ಒಂದಕ್ಷರದ ವ್ಯತ್ಯಾಸ (ileum, ilium), ಕನ್ನಡದಲ್ಲಿ ಅದೂ ಇಲ್ಲ. ಒಂದು ಸಣ್ಣಕರುಳಿನ ಕೊನೆಯ ಭಾಗ, ಇನ್ನೊಂದು ಸೊಂಟದ ಮೂಳೆ. ಸದ್ಯಕ್ಕೆ ಮೂಲೆಯಲ್ಲಿ ಚಿತ್ರ ಬರೆದಿದ್ದೇನೆ. ಕರುಳು ಪರವಾಗಿಲ್ಲ, ಮೂಳೆ ಬಿಸ್ಕತ್ತಿನ ಥರ ಬಂದಿದೆ.