ಸಿಲಿಕಾ ನ್ಯಾನೊನಾರಿನ ಹಾಳೆ: ನೂಲುವಿಕೆಯಿಂದ ವಿಕಿರಣದವರೆಗೆ

ಗಾಜಿನ ಮುಖ್ಯ ಘಟಕವಾದ ಸಿಲಿಕಾವನ್ನು ಕೂದಲಿಗಿಂತ ಎಷ್ಟೋ ತೆಳ್ಳಗಿನ ಎಳೆಗಳಾಗಿ (ನ್ಯಾನೊನಾರು) ನೂತು ಮಾಡುವ ನನ್ನ ಹಾಳೆಗಳು ಈಗ ಒಂದೇ ಗುಣಮಟ್ಟದಲ್ಲಿ ಬರುತ್ತಿವೆ. 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ಹಾಳೆಯನ್ನು ಪೆನ್ಸಿಲಿಗೆ ಸುತ್ತಿ ಬಿಟ್ಟರೆ ಅದು ಬಿರಿಯದೆ ಮತ್ತೆ ಚಪ್ಪಟೆಯಾಗುತ್ತದೆ. ಹಾಗಾಗಿ ನೂಲುವ ಕೆಲಸವನ್ನು ಸದ್ಯಕ್ಕೆ ಅಲ್ಲಿಗೇ ನಿಲ್ಲಿಸಿ, ಈ ಹಾಳೆ ಹೆಚ್ಚಿನ ತಾಪದಲ್ಲಿ ಶಾಖವನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ಪರೀಕ್ಷಿಸತೊಡಗಿದ್ದೇನೆ.

ದ್ರಾವಣದ ವಿಷಯವನ್ನು ಮೊದಲು ದಾಖಲಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದನ್ನೇ ಅವಲಂಬಿಸಿದೆ. ಸಿಲಿಕಾದ ಮೂಲವಾದ ಟೆಟ್ರಾಈಥೈಲ್ ಆರ್ಥೊಸಿಲಿಕೇಟ್ ಎಂಬ ದ್ರವಕ್ಕೆ ನೀರು ಮತ್ತು ತುಸು ಆಮ್ಲ ಸೇರಿಸಿದಾಗ ಸಿಲಿಕಾ ಉದ್ದುದ್ದ ಸರಪಳಿಗಳಾಗಿ ಬೆಳೆಯುತ್ತದೆ. ಆಮ್ಲದ ಬದಲು ಅಮೋನಿಯ ಹಾಕಿದರೆ ದುಂಡನೆಯ ಕಣಗಳಾಗುತ್ತವೆ, ಅವು ನೂಲಲು ಬರುವುದಿಲ್ಲ. ಆಮ್ಲ ಸೇರಿಸಿದ ದ್ರಾವಣಕ್ಕೆ, ಎಳೆ ಕಟ್ಟಲು ನೆರವಾಗುವ ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪಾಲಿಮರ್ ಬೆರೆಸಿ ಕಲಕುತ್ತಾ, ಗಾಜಿನ ಕಡ್ಡಿಯನ್ನು ಅದ್ದಿ ಮೇಲೆತ್ತಿದಾಗ ಹನಿಯ ಹಿಂದೆ ಸಣ್ಣ ಎಳೆಯೊಂದು ತುಂಡಾಗದೆ ಬರುವಂತಾದರೆ ದ್ರಾವಣ ಹದಕ್ಕೆ ಬಂದಿದೆ ಎಂದರ್ಥ. ಸ್ನಿಗ್ಧತೆ ಅಳೆಯುವ ಉಪಕರಣಕ್ಕಿಂತ ಈ ಕಡ್ಡಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ದ್ರಾವಣ ಹೊರಬರುವ ಸೂಜಿಯ ತುದಿಗೆ, ವಿದ್ಯುತ್ ಸೆಳೆತಕ್ಕೆ ಅದು ಎಳೆಯಾಗಿ ಚಿಮ್ಮುವಂತೆ 15ರಿಂದ 20 ಕಿಲೋವೋಲ್ಟ್ ಕೊಟ್ಟು, ಸುಮಾರು 15 ಸೆಂಟಿಮೀಟರ್ ದೂರದಲ್ಲಿ ಅಲ್ಯೂಮಿನಿಯಂ ಹಾಳೆ ಸುತ್ತಿದ ಉರುಳೆಯನ್ನು ತಿರುಗಿಸುವುದಷ್ಟೇ ನೂಲುವ ಏರ್ಪಾಡು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಎಳೆಗಳು ಒಣಗುವ ಮುನ್ನವೇ ಉರುಳೆಯನ್ನು ತಲುಪಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಪೆಟ್ಟಿಗೆಯೊಳಗೆ ಒಣಗಾಳಿ ಹಾಯಿಸಬೇಕು.

ಸುಡುವಾಗ ಮಾತ್ರ ತಾಳ್ಮೆ ಬೇಕು. ಪಾಲಿಮರ್ ಉರಿದುಹೋಗುತ್ತಿದ್ದಂತೆ ಹಾಳೆ ಎಲ್ಲ ದಿಕ್ಕಿನಲ್ಲೂ ಕುಗ್ಗುತ್ತದೆ. ಅಂಚುಗಳು ಸುರುಳಿಯಾಗದಿರಲೆಂದು ಮೇಲೆ ಭಾರವಿಟ್ಟರೆ ಕುಗ್ಗಲು ಆಸ್ಪದವಿಲ್ಲದೆ ಹರಿದುಹೋಗುತ್ತದೆ. ಆದ್ದರಿಂದ ಎರಡು ಅಲ್ಯೂಮಿನಾ ಫಲಕಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು, 500 ಡಿಗ್ರಿಯವರೆಗೆ ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಮಾತ್ರ ತಾಪ ಏರಿಸುತ್ತೇನೆ.

ಗಾಜಿನಂತಹ ವಸ್ತು ಬಾಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಎಳೆಯ ದಪ್ಪದಲ್ಲಿದೆ. 1 ಮಿಲಿಮೀಟರ್ ತ್ರಿಜ್ಯಕ್ಕೆ ಬಗ್ಗಿಸಿದಾಗ 10 ಮೈಕ್ರೊಮೀಟರ್ ದಪ್ಪದ ನಾರಿನ ಹೊರಮೈ ಶೇ 0.5ರಷ್ಟು ಹಿಗ್ಗಬೇಕಾಗುತ್ತದೆ, ಅರ್ಧ ಮೈಕ್ರೊಮೀಟರಿನ ನಾರಿಗೆ ಅದು ಶೇ 0.025 ಮಾತ್ರ.

ಇನ್ನು ಶಾಖದ ವಿಷಯ. ಹಾಟ್‌ಪ್ಲೇಟಿನ ಮೇಲೆ ಹಾಳೆಯ ಪದರಗಳನ್ನಿಟ್ಟು ಮೇಲ್ಮೈ ತಂಪಾಗಿದೆಯೆಂದು ತೋರಿಸುವುದು ಸುಲಭ, ಆದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಅಲ್ಲಿ ಶಾಖದ ಬಹುಪಾಲು ಸಾಗುವುದು ಎಳೆಗಳ ನಡುವಿನ ಗಾಳಿಯ ಮೂಲಕ, ಮತ್ತು ನಿಶ್ಚಲ ಗಾಳಿಯ ವಾಹಕತೆ ಕೋಣೆಯ ತಾಪದಲ್ಲಿ ಮೀಟರ್-ಕೆಲ್ವಿನ್‌ಗೆ 0.026 ವ್ಯಾಟ್‌ನಷ್ಟೇ ಇದೆ. ಏರೋಜೆಲ್ ಎಂಬ ಅತಿ ಹಗುರ, ರಂಧ್ರಮಯ ಘನವಸ್ತುವಿನಲ್ಲಿರುವಂತೆ ರಂಧ್ರಗಳು 70 ನ್ಯಾನೊಮೀಟರಿಗಿಂತ ಕಿರಿದಾಗಿದ್ದರೆ ಗಾಳಿಯ ಅಣುಗಳು ಪರಸ್ಪರ ಡಿಕ್ಕಿಯಾಗುವ ಮೊದಲೇ ಗೋಡೆಗೆ ಬಡಿದು ಈ ವಾಹಕತೆಯೂ ತಗ್ಗುತ್ತದೆ. ನನ್ನ ಹಾಳೆಯ ಸಂದುಗಳು ಮೈಕ್ರೊಮೀಟರುಗಳ ಅಳತೆಯವು. ಹೆಸರಿನಲ್ಲಿ ನ್ಯಾನೊ ಇದೆಯೆಂಬ ಕಾರಣಕ್ಕೆ ಆ ಲಾಭ ತಾನಾಗಿ ಸಿಗುವುದಿಲ್ಲ.

ತಾಪ ಏರಿದಂತೆ ಲೆಕ್ಕವೇ ಬದಲಾಗುತ್ತದೆ. ವಿಕಿರಣದ ಮೂಲಕ ಸಾಗುವ ಶಾಖದ ಪರಿಣಾಮಕಾರಿ ವಾಹಕತೆ ನಿರಪೇಕ್ಷ ತಾಪದ (ಕೆಲ್ವಿನ್) ಘನಕ್ಕೆ ಅನುಗುಣವಾಗಿರುವುದರಿಂದ, ಉಳಿದದ್ದೆಲ್ಲ ಹಾಗೇ ಇದ್ದರೆ 300 ಡಿಗ್ರಿಯಿಂದ 1000 ಡಿಗ್ರಿಗೆ ಹೋಗುವಾಗ ಅದು ಸುಮಾರು 11 ಪಟ್ಟಾಗುತ್ತದೆ. 1000 ಡಿಗ್ರಿಯಲ್ಲಿ ವಿಕಿರಣ ಅತಿ ಪ್ರಬಲವಾಗಿರುವ ತರಂಗಾಂತರ 2.3 ಮೈಕ್ರೊಮೀಟರ್ ಆಸುಪಾಸಿನಲ್ಲಿದ್ದು, ಅದಕ್ಕೆ ಸಿಲಿಕಾ ಬಹುಮಟ್ಟಿಗೆ ಪಾರದರ್ಶಕ. ಕುಲುಮೆಯ ಬಾಯಿಗೆ ಒಂದು ಪದರವನ್ನು ಅಡ್ಡ ಹಿಡಿದರೆ ಒಳಗಿನ ಕೆಂಪು ಹೊಳಪು ಅದರ ಮೂಲಕ ಮಂಕಾಗಿ ಕಾಣಿಸುತ್ತದೆ. ಬರಿಗಣ್ಣಿಗೇ ಇಷ್ಟು ದಾಟಿ ಬರುವಾಗ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಬಗ್ಗೆ ಬೇರೆ ಹೇಳಬೇಕಿಲ್ಲ.

1100 ಡಿಗ್ರಿ ದಾಟಿ ಬಹುಕಾಲ ಇಟ್ಟರೆ ಸಿಲಿಕಾ ಕ್ರಿಸ್ಟೊಬಲೈಟ್ ಆಗಿ ಹರಳುಗಟ್ಟಿ ಪೆಡಸಾಗುವ ತೊಂದರೆಯೂ ಇದೆ. ಅದಕ್ಕೆ ಇನ್ನೂ ಹೆಚ್ಚಿನ ತಾಪ ತಾಳುವ ಸೆರಾಮಿಕ್‌ಗಳಾದ ಮುಲ್ಲೈಟ್ ಅಥವಾ ಇಟ್ರಿಯಾ ಸೇರಿಸಿದ ಜಿರ್ಕೋನಿಯಾದ ಕಡೆಗೆ ಹೋಗಬೇಕಾದೀತು, ಆದರೆ ವಿಕಿರಣವನ್ನು ತಡೆಯದೆ ಬರೀ ಕರಗುವ ಬಿಂದುವನ್ನು ಏರಿಸಿದರೆ ಹೆಚ್ಚೇನೂ ದಕ್ಕದು ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಮುಂದಿನ ಹಾಳೆಗಳಲ್ಲಿ ಅವಕೆಂಪು ಕಿರಣಗಳನ್ನು ಚದುರಿಸುವ ಟೈಟಾನಿಯಾವನ್ನು (ಟೈಟಾನಿಯಂ ಡೈಆಕ್ಸೈಡ್) ಎಳೆಯೊಳಗೇ ಸೇರಿಸಲಿದ್ದೇನೆ. ಪುಡಿಯಾಗಿ ಬೆರೆಸಿದರೆ ಸೂಜಿ ಕಟ್ಟಿಕೊಳ್ಳುವ ಸಂಭವವಿರುವುದರಿಂದ ಟೈಟಾನಿಯಂ ಐಸೊಪ್ರೊಪಾಕ್ಸೈಡ್ ಎಂಬ ದ್ರವದ ರೂಪದಲ್ಲಿ ಹಾಕುವುದು ಸೂಕ್ತ. ಅದು ನೀರು ತಾಗಿದೊಡನೆ ಬಿಳಿಯಾಗಿ ಒಡೆಯುವ ಕಾರಣ ಮೊದಲು ಅಸಿಟೈಲ್‌ಅಸಿಟೋನ್ ಬೆರೆಸಿ ಅದರ ವೇಗವನ್ನು ತಗ್ಗಿಸಿಕೊಳ್ಳಬೇಕು. ಅದೇ ಕಾರಣಕ್ಕೆ, ನೀರಿನಲ್ಲಿ ಕರಗಿಸುವ ಪಾಲಿವಿನೈಲ್ ಆಲ್ಕೊಹಾಲ್ ಬಿಟ್ಟು, ಎಥನಾಲ್‌ನಲ್ಲಿ ಕರಗುವ ಪಾಲಿವಿನೈಲ್‌ಪೈರೊಲಿಡೋನ್‌ಗೆ ಬದಲಾಗಬೇಕು.