ಬಣ್ಣಕ್ಕೂ ಕಣ್ಣಿಗೂ ಏನು ಸಂಬಂಧ?

ಮೊನ್ನೆ ಮಂಗಳವಾರ ಶಿವಮೊಗ್ಗದಲ್ಲಿ ವೈದ್ಯೆಯೊಬ್ಬರು ಅಮ್ಮನ ಕಣ್ಣನ್ನು ಪರೀಕ್ಷಿಸಿ ಮುಗಿಸಿದ ಮೇಲೆ ಆಕೆಯ ಕೈ ಹಿಡಿದು, ರವಿಕೆಯ ತೋಳನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಬಿಸಿಲು ಕಂಡ ಚರ್ಮವನ್ನೂ ಕಾಣದ ಚರ್ಮವನ್ನೂ ಹೋಲಿಸಿ ನೋಡಿದರು. “ಬಣ್ಣಕ್ಕೂ ಕಣ್ಣಿಗೂ ಏನು ಸಂಬಂಧ ಡಾಕ್ಟ್ರೇ?” ಎಂದಳು ಅಮ್ಮ. ಹೆಣ್ಣು ನೋಡಲು ಬಂದವರ ಕಾಲದಿಂದಲೂ ಬಣ್ಣದ ಮಾತು ಕೇಳಿ ಸಾಕಾದವಳ ದನಿ ಅದು.

ಎರಡು ವರ್ಷಗಳಿಂದ ಆಕೆಯ ರೆಪ್ಪೆಯಂಚು ಕೆಂಪಗಾಗಿ ಉರಿಯುತ್ತದೆ, ದಿನವಿಡೀ ನೀರು ಸುರಿಯುತ್ತದೆ. ಅಡಿಕೆ ಬೇಯಿಸುವ ಒಲೆಯ ಹೊಗೆಯೇ ಕಾರಣವೆಂದು ನಾವೆಲ್ಲ ತೀರ್ಮಾನಿಸಿದ್ದೆವು. ನೀರು ಸುರಿಸುವ ಕಣ್ಣನ್ನು ಒಣಗಣ್ಣು ಎಂದರೆ ಯಾರು ತಾನೇ ನಂಬುತ್ತಾರೆ? ಆದರೆ ವೈದ್ಯೆ ಹೇಳಿದ್ದು ಅದನ್ನೇ: ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳ ಎಣ್ಣೆಯೇ ಕಣ್ಣೀರಿನ ಮೇಲೆ ತೆಳುವಾಗಿ ಹರಡಿ ಅದು ಆರದಂತೆ ಕಾಯುವುದಂತೆ. ಆ ಎಣ್ಣೆ ಮಾರ್ಗಶಿರದ ಚಳಿಯಲ್ಲಿ ಸೀಸೆಯೊಳಗಿನ ಕೊಬ್ಬರಿ ಎಣ್ಣೆಯಂತೆ ಗಟ್ಟಿಯಾದರೆ ಕಣ್ಣು ಒಣಗಿ ಉರಿಯುತ್ತದೆ, ಉರಿಗೆ ನೀರು ಬರುತ್ತದೆ.

ಹಿಂದಿನ ವಾರ ಬೇರೊಂದು ಕಡೆ ಟೈ ಕಟ್ಟಿದ ಹುಡುಗನೊಬ್ಬ “ನಾಲ್ಕು ಸಿಟ್ಟಿಂಗ್ ಲೈಟ್ ಹೊಡೆಸಿದ್ರೆ ಆಯ್ತು ಆಂಟಿ” ಎಂದು ಐಪಿಎಲ್ ಎಂಬ, ತೀಕ್ಷ್ಣ ಬೆಳಕನ್ನು ಮಿಂಚುಮಿಂಚಾಗಿ ಚರ್ಮಕ್ಕೆ ಹಾಯಿಸುವ ಚಿಕಿತ್ಸೆಗೆ ಎರಡು ಸಾವಿರ ರೂಪಾಯಿ ಮುಂಗಡ ಕಟ್ಟಿಸಿಕೊಂಡಿದ್ದ. (ಅದು ಕ್ರಿಕೆಟ್ ಅಲ್ಲವೆಂದು ಅಮ್ಮನಿಗೆ ಬಿಡಿಸಿ ಹೇಳಬೇಕಾಯಿತು.) ಅವನ ಮೇಲೆ ನನಗಿನ್ನೂ ಸಿಟ್ಟಿದೆ, ಹಣ ಎಣಿಸಿ ಕೊಟ್ಟವನು ನಾನೇ ಎಂಬುದು ಬೇರೆ ಮಾತು. ಚಿಕಿತ್ಸೆಯೇನೂ ಸುಳ್ಳಲ್ಲ. ಮುಖ ಕೆಂಪೇರುವ ರೊಸೇಶಿಯಾ ರೋಗಕ್ಕೆ ಈ ಬೆಳಕನ್ನು ಹಾಯಿಸಿಕೊಂಡವರ ಒಣಗಣ್ಣೂ ಸುಧಾರಿಸುವುದನ್ನು ಅಮೆರಿಕದ ಮೆಂಫಿಸ್‌ನ ವೈದ್ಯ ರೊಲಾಂಡೊ ಟೊಯೋಸ್ 2000ದ ದಶಕದ ಆರಂಭದಲ್ಲಿ ಗಮನಿಸಿದರು. 2021ರಲ್ಲಿ ಅಲ್ಲಿನ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಯಂತ್ರವೊಂದಕ್ಕೆ ಒಣಗಣ್ಣಿನ ಚಿಕಿತ್ಸೆಗೆಂದೇ ಒಪ್ಪಿಗೆ ಕೊಟ್ಟಿತು. ಆದರೆ ಚರ್ಮದ ಬಣ್ಣವನ್ನು ತೀರ ಬಿಳಿಯಿಂದ ಕಡುಗಪ್ಪಿನವರೆಗೆ ಆರು ಬಗೆಯಾಗಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಪಟ್ಟಿಯ ಮೊದಲ ನಾಲ್ಕು ಬಗೆಗಳಿಗಷ್ಟೇ ಆ ಒಪ್ಪಿಗೆ. ಉರಿಯೂತದಿಂದ ಹಿಗ್ಗಿದ ಸಣ್ಣ ರಕ್ತನಾಳಗಳು ಹೀರಿಕೊಳ್ಳಬೇಕಾದ ಬೆಳಕನ್ನು ಕಪ್ಪು ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ನೇ ಹೀರಿಕೊಂಡು ಬಿಸಿಯಾಗುವುದರಿಂದ ಸುಟ್ಟ ಗಾಯವೋ ಕಲೆಯೋ ಉಳಿಯಬಹುದು.

“ಆ ಲೈಟಿಗೆ ಕಾಣೋದು ಬಣ್ಣವೇ ಅಮ್ಮ, ಕಣ್ಣಲ್ಲ” ಎಂದರು ವೈದ್ಯೆ. ತೀರ್ಥಹಳ್ಳಿಗೆ ಮರಳುವ ಬಸ್ಸಿನಲ್ಲಿ, ಮಂಡಗದ್ದೆ ದಾಟುವವರೆಗೂ, ಈ ಮಾತನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಬಣ್ಣ ನೋಡಬಾರದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ಹುಡುಗ ನಿಜಕ್ಕೂ ನೋಡಿರಲಿಲ್ಲ, ಅಮ್ಮನನ್ನು ಅವನ ಚಿಕಿತ್ಸೆಯ ಕರಪತ್ರದ ಮೇಲಿದ್ದ ಬೆಳ್ಳಗಿನ ಹೆಂಗಸಿನಂತೆಯೇ ಕಂಡಿದ್ದ. ಬಿಸಿಲಿನಲ್ಲಿ ಅಡಿಕೆ ಹರವಿ, ಚೊಗರಿನ ಹಂಡೆಯ ಮುಂದೆ ನಿಂತು ಐವತ್ತು ವರ್ಷ ಕಳೆದ ಕೈಯನ್ನು ಹಿಡಿದು ನೋಡುವ ಪುರಸೊತ್ತು ಅವನಿಗಿರಲಿಲ್ಲ. ಅಮ್ಮನ ಬಣ್ಣವನ್ನು ಅವಳ ಒಳಿತಿಗಾಗಿ ನೋಡಿದವರು ಬಹುಶಃ ಈ ವೈದ್ಯೆಯೇ ಮೊದಲಿಗರು.

ಈಗ ದಿನಕ್ಕೆರಡು ಹೊತ್ತು ಬಿಸಿನೀರಿನ ಬಟ್ಟೆಯ ಶಾಖ, ಹತ್ತು ಹತ್ತು ನಿಮಿಷ. ಆಮೇಲೆ ರೆಪ್ಪೆಯನ್ನು ಮೃದುವಾಗಿ ನೀವುವುದು, ಹನಿ ಬಿಡುವುದು. ನಿನ್ನೆ ಸಂಜೆ ಬಟ್ಟೆ ಕಣ್ಣ ಮೇಲಿರುವಾಗಲೇ ಅಮ್ಮ ಕೇಳಿದಳು: “ಆ ಟೈ ಹುಡುಗ ದುಡ್ಡು ವಾಪಸ್ ಕೊಟ್ನೇನೋ?”