‘ಇದೆಲ್ಲ ಹೇಳ್ಕೊಟ್ರೆ ಮಕ್ಕಳು ಹಾಳಾಗಲ್ವಾ ಮೇಡಂ?’

ನಾನು ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ಆಪ್ತಸಮಾಲೋಚಕಿ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ 10ರಿಂದ 19 ವರ್ಷದ ಮಕ್ಕಳಿಗೆ ಅಂತ ಇರೋ ರೂಮು ಇದು. ಮುಟ್ಟು, ಬಿಳಿ ಸೆರಗು, ಮೊಡವೆ, ರಕ್ತ ಕಮ್ಮಿ ಇರೋದು, ಪ್ರೀತಿ, ಭಯ, ಎಲ್ಲದರ ಬಗ್ಗೆನೂ ಇಲ್ಲಿ ಕೂತು ಮಾತಾಡ್ತೀವಿ. ಮದುವೆ ಮನೆ ಪಂಕ್ತಿಯಲ್ಲಿ, ಬಸ್ಸಲ್ಲಿ, ಪೋಷಕರ ಸಭೆಯಲ್ಲಿ, ಎಲ್ಲಿ ಹೋದ್ರೂ ನನಗೆ ಮೇಲಿನ ಪ್ರಶ್ನೆ ಕೇಳ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಒಂದ್ಸಲ ಬರೆದಿಟ್ಟುಬಿಡ್ತೀನಿ.

ಹಾಳಾಗಲ್ಲ. ಇದು ನನ್ನೊಬ್ಬಳ ಮಾತಲ್ಲ, ಯುನೆಸ್ಕೋದವರು ಬೇರೆ ಬೇರೆ ದೇಶದ ಅಧ್ಯಯನಗಳನ್ನ ನೋಡಿ 2018ರಲ್ಲಿ ಹೊರತಂದ ಲೈಂಗಿಕ ಶಿಕ್ಷಣದ ಮಾರ್ಗದರ್ಶಿಯಲ್ಲಿ ಇದೇ ಇದೆ: ಸರಿಯಾಗಿ ಹೇಳಿಕೊಟ್ಟರೆ ಮಕ್ಕಳು ಬೇಗ ಸಂಬಂಧಕ್ಕೆ ಇಳಿಯಲ್ಲ, ಎಷ್ಟೋ ಕಡೆ ತಡ ಮಾಡ್ತಾರೆ. ಉತ್ತರ ಇಷ್ಟೇ. ಆದ್ರೆ ಇಷ್ಟು ಹೇಳಿದ್ರೆ ಯಾರೂ ಒಪ್ಪಲ್ಲ, ‘ಅದು ಫಾರಿನ್ನಲ್ಲಿ ಮೇಡಂ’ ಅಂತಾರೆ.

ನನಗೆ ಸಿಟ್ಟು ಬರೋದು ಆ ‘ಇದೆಲ್ಲ’ ಅನ್ನೋ ಪದಕ್ಕೆ. ಏನು ಇದೆಲ್ಲ? ಮುಟ್ಟು ಅನ್ನಿ, ವೀರ್ಯ ಅನ್ನಿ, ಗರ್ಭ ಅನ್ನಿ! ಕನ್ನಡದಲ್ಲಿ ಪದ ಇದೆ, ಬಾಯಿಗೆ ಬರಲ್ಲ. ಇನ್ನು ‘ಹಾಳಾಗೋದು’. ಹಾಲು ಹಾಳಾಗುತ್ತೆ, ನಿನ್ನೆ ಸಾರು ಹಾಳಾಗುತ್ತೆ, ತನ್ನ ಮೈಯಲ್ಲಿ ಏನಾಗ್ತಿದೆ ಅಂತ ತಿಳ್ಕೊಂಡ ಮಗು ಹೇಗ್ರೀ ಹಾಳಾಗುತ್ತೆ? ನಮ್ಮ ಕಡೆ ಹೆಣ್ಣುಮಗು ಮೈನೆರೆದ್ರೆ ಆರತಿ ಮಾಡ್ತೀವಿ, ಚಿಗಳಿ ತಂಬಿಟ್ಟು ಕೊಬ್ಬರಿ ಬೆಲ್ಲ ತಿನ್ನಿಸ್ತೀವಿ, ನೆಂಟರಿಗೆಲ್ಲ ಫೋನ್ ಮಾಡಿ ಹೇಳ್ತೀವಿ, ಏನಾಯ್ತು ಯಾಕಾಯ್ತು ಅಂತ ಆ ಮಗುವಿಗೇ ಹೇಳಲ್ಲ. ಮೊದಲ ಎರಡು ಮೂರು ವರ್ಷ ತಿಂಗಳು ತಿಂಗಳು ಸರಿಯಾಗಿ ಬರದೇ ಇರೋದು ಮಾಮೂಲು ಅನ್ನೋ ಒಂದು ಮಾತು ಗೊತ್ತಿಲ್ದೆ ತಾನು ಏನೋ ತಪ್ಪು ಮಾಡಿದೀನಿ ಅಂತ ಅಳ್ತಾ ಬಂದವರನ್ನ ನಾನು ಎಷ್ಟು ಜನ ನೋಡಿದೀನಿ.

ಗಂಡುಮಕ್ಕಳಿಗಂತೂ ಆ ಆರತಿನೂ ಇಲ್ಲ.

ಒಬ್ಬ ಒಂಬತ್ತನೇ ಕ್ಲಾಸಿನ ಹುಡುಗ ಬಂದಿದ್ದ. (ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದೀನಿ.) ಸಂತೆ ದಿನ, ಒಪಿಡಿ ತುಂಬಾ ಜನ. ಅವನ ಚೀಟಿಯಲ್ಲಿ ‘ಕೆಮ್ಮು’ ಅಂತ ಬರೆದಿತ್ತು. ಆ ಚೀಟಿನ ಮಡಚಿ ಮಡಚಿ ಬಸ್ ಟಿಕೆಟ್ಟಿನಷ್ಟು ಮಾಡಿಟ್ಕೊಂಡಿದ್ದ. ಎರಡು ಸಲ ಕೆಮ್ಮಿ ತೋರಿಸಿದ, ನಾನೂ ಕೇಳಿಸ್ಕೊಂಡೆ. ಆಮೇಲೆ ಬ್ಯಾಗಿಂದ ಗಣಿತದ ನೋಟ್‌ಬುಕ್ ತೆಗೆದು ಕೊನೇ ಹಾಳೆ ತಿರುಗಿಸಿ ನನ್ನ ಕಡೆ ತಳ್ಳಿದ.

ಅಲ್ಲಿ ಪೆನ್ಸಿಲ್ಲಲ್ಲಿ ಲೆಕ್ಕ ಮಾಡಿದ್ದ. ನೂರು ತೊಟ್ಟು ರಕ್ತ ಸೇರಿದ್ರೆ ಒಂದು ತೊಟ್ಟು ವೀರ್ಯ, ಇದನ್ನ ಹೇಳಿದ್ದು ಅವನ ದೊಡ್ಡಪ್ಪನ ಮಗ. ಒಂದು ಸಲಕ್ಕೆ ಒಂದು ಚಮಚ, ಅಂದ್ರೆ 5 ಎಂಎಲ್, ಗುಣಿಸು ನೂರು, 500 ಎಂಎಲ್ ರಕ್ತ. ಮೈಯಲ್ಲಿ ಇರೋದು 5 ಲೀಟರ್. ಹತ್ತು ಸಲ ಆದ್ರೆ ಮುಗೀತು. ಕೆಳಗೆ ಸಣ್ಣ ಸಣ್ಣ ಗೀಟು, ಏಳು. ನಿದ್ದೆಯಲ್ಲಿ ಆದಾಗೆಲ್ಲ ಬೆಳಿಗ್ಗೆ ಎದ್ದು ಒಂದು ಗೀಟು ಎಳೆದಿದ್ದಾನೆ. ‘ಇನ್ನು ಮೂರು ಉಳಿದಿದೆ ಮೇಡಂ’ ಅಂದ. ರಾತ್ರಿ ನಿದ್ದೆ ಮಾಡಿದ್ರೆ ಆಗುತ್ತೆ ಅಂತ ನಿದ್ದೆ ಮಾಡೋದೇ ಬಿಟ್ಟಿದ್ದ. ಬಸ್‌ಸ್ಟಾಂಡ್ ಗೋಡೆ ಮೇಲಿನ ‘ನರದೌರ್ಬಲ್ಯ, ಗುಪ್ತರೋಗ’ ಪೋಸ್ಟರಿನ ನಂಬರು ಅದೇ ಹಾಳೆಯ ಮೂಲೆಯಲ್ಲಿತ್ತು, ಅಲ್ಲಿಗೆ ಹೋಗೋಕೆ ದುಡ್ಡು ಕೂಡಿಸ್ತಿದ್ನಂತೆ.

ಗುಣಾಕಾರ ಸರಿಯಾಗಿದೆ ಕಣಪ್ಪ, ಮೊದಲನೇ ಸಾಲೇ ತಪ್ಪು ಅಂದೆ. ವೀರ್ಯ ರಕ್ತ ಬತ್ತಿ ಆಗೋದಲ್ಲ, ವೀರ್ಯಾಣು ವೃಷಣದಲ್ಲಿ ಹುಟ್ಟುತ್ತೆ, ಉಳಿದ ನೀರಿನಂಶ ಪ್ರಾಸ್ಟೇಟ್ ಮತ್ತೆ ಅಕ್ಕಪಕ್ಕದ ಗ್ರಂಥಿಗಳಿಂದ ಬರುತ್ತೆ, ಹೋದ್ರೆ ಮತ್ತೆ ಆಗುತ್ತೆ, ನಿನ್ನ ವಯಸ್ಸಲ್ಲಿ ನಿದ್ದೆಯಲ್ಲಿ ಹೀಗಾಗೋದು ಕಾಯಿಲೆ ಅಲ್ಲ ಅಂತ ಚಿತ್ರ ಬರೆದು ತೋರಿಸಿದೆ. ಹತ್ತು ನಿಮಿಷ ಹಿಡೀತು ಅಷ್ಟೇ. ರಬ್ಬರ್ ತಗೊಂಡು ಏಳೂ ಗೀಟು ಅಳಿಸಿದ, ಹಾಳೆ ಹರಿಯೋ ಹಾಗೆ. ಬಾಗಿಲ ಹತ್ರ ಹೋಗಿ ತಿರುಗಿ ಕೇಳಿದ, ‘ನಮ್ಮಪ್ಪನಿಗೂ ಹೀಗೆ ಆಗಿತ್ತಾ ಮೇಡಂ?’

ಆಗಿರುತ್ತೆ ಅಂದೆ.

‘ಮತ್ತೆ ಯಾಕೆ ಹೇಳ್ಲಿಲ್ಲ?’

ನನಗೆ ಪೋಷಕರು ಕೇಳಬೇಕಾಗಿರೋ ಪ್ರಶ್ನೆ ಇದು. ‘ಹಾಳಾಗಲ್ವಾ’ ಅಂತ ಅಲ್ಲ, ‘ನನ್ನ ಮಗ ನನ್ನ ಹತ್ರ ಯಾಕೆ ಬರ್ಲಿಲ್ಲ’ ಅಂತ. ಒಬ್ಬರು ಕೇಳಲಿ, ಊಟ ಬಿಟ್ಟು ಕೂತು ಮಾತಾಡ್ತೀನಿ. ಅಪ್ಪಂದಿರನ್ನ ಬೈಯೋಕಲ್ಲ, ಅವರಿಗೂ ಯಾರೂ ಹೇಳಿರ್ಲಿಲ್ಲ. 2007ರಲ್ಲಿ ನಮ್ಮದೂ ಸೇರಿ ಹಲವು ರಾಜ್ಯಗಳು ಶಾಲೆಯಲ್ಲಿ ಹದಿಹರೆಯದ ಶಿಕ್ಷಣ ಬೇಡ ಅಂತ ನಿಲ್ಲಿಸಿದ್ವು. ಆಗ ಎಂಟನೇ ಕ್ಲಾಸಲ್ಲಿದ್ದವರು ಈಗ ಮಕ್ಕಳ ಕೈ ಹಿಡ್ಕೊಂಡು ಆಸ್ಪತ್ರೆಗೆ ಬರ್ತಾರೆ. ಪಾಠದ ಪುಸ್ತಕದಲ್ಲಿ ಇರೋ ಅಷ್ಟನ್ನೂ ‘ಮನೇಲಿ ಓದ್ಕೊಳ್ಳಿ’ ಅಂತ ದಾಟಿಸಿಬಿಡೋ ಮೇಷ್ಟ್ರುಗಳು ಈಗಲೂ ಇದ್ದಾರೆ.

ದೊಡ್ಡ ಭಾಷಣ ಬೇಡ. ಮುಖ ನೋಡಿ ಹೇಳೋಕೆ ಕಷ್ಟ ಆದ್ರೆ ಬೈಕಲ್ಲಿ ಹಿಂದೆ ಕೂರಿಸ್ಕೊಂಡು ಹೋಗ್ತಾ ಹೇಳಿ: ‘ರಾತ್ರಿ ಚಡ್ಡಿ ಒದ್ದೆ ಆದ್ರೆ ಹೆದರಬೇಡ, ನನಗೂ ಆಗ್ತಿತ್ತು.’ ಸಾಕು. ಅಮ್ಮಂದಿರು ಮಗಳಿಗೆ ಹತ್ತು ವರ್ಷ ತುಂಬೋ ಹೊತ್ತಿಗೆ ಪ್ಯಾಡ್ ತೋರಿಸಿಬಿಡಿ, ರಕ್ತ ನೋಡಿದ ದಿನ ಹೇಳ್ತೀನಿ ಅಂತ ಕಾಯಬೇಡಿ, ಆ ದಿನ ಅವಳು ಸ್ಕೂಲಲ್ಲಿ ಇರಬಹುದು.

ನನ್ನ ಹತ್ರ ಬರೋ ಮಕ್ಕಳಿಗೆ ಮಾತು ಶುರು ಮಾಡೋ ಮುಂಚೆನೇ ಒಂದು ಹೇಳಿಬಿಡ್ತೀನಿ: ನೀನು ಹೇಳಿದ್ದು ಈ ರೂಮಲ್ಲೇ ಇರುತ್ತೆ, ಆದ್ರೆ 18 ತುಂಬದವರ ಮೇಲೆ ಲೈಂಗಿಕ ಅಪರಾಧ ಆಗಿದ್ರೆ ಪೋಕ್ಸೋ ಕಾಯ್ದೆ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು. ಅದನ್ನ ಮುಚ್ಚಿಟ್ಟು ನಂಬಿಕೆ ಗಳಿಸೋದು ನನಗೆ ಬೇಡ.

ಕ್ಲಿನಿಕ್ಕಿಗೆ ದುಡ್ಡು ಕೊಡಬೇಕಾಗಿಲ್ಲ. ಮಕ್ಕಳು ಒಬ್ಬರೇ ಬಂದ್ರೂ ಬಾಗಿಲು ಹಾಕಿ ಕೂರಿಸ್ತೀನಿ. ಚೀಟಿಯಲ್ಲಿ ಕೆಮ್ಮು ಅಂತಲೇ ಬರೆಸ್ಕೊಂಡು ಬನ್ನಿ, ಪರವಾಗಿಲ್ಲ.